ಇಡೀ ಸೋಲಾರ್ ಪಾರ್ಕು ಒಂದೇ ಡಬ್ಬಿಯಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸೋಲಾರ್ ಕರೆಂಟು, ಗ್ರಿಡ್ಡು, ಕಂಪ್ಯೂಟರಲ್ಲಿ ಅದರ ಮಾಡೆಲ್ ಮಾಡೋದು, ಇದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ವಿ. ರೈತರಿಂದ ಹಿಡಿದು ಸೈಟ್ ಇಂಜಿನಿಯರ್‌ವರೆಗೂ ಬರ್ದಿದಾರೆ. ಆರು ಪತ್ರ ಆರಿಸ್ಕೊಂಡಿದೀವಿ.

ಪಾವಗಡ ತಾಲ್ಲೂಕಿನ ರೈತರೊಬ್ಬರು: ನಮ್ಮ ಎಂಟು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದೀವಿ. ಮಗಳು ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾಳೆ. ರಜಕ್ಕೆ ಬಂದಾಗ ಲ್ಯಾಪ್‌ಟಾಪಲ್ಲಿ ಒಂದು ಡಬ್ಬಿ ಬರ್ದು "ಅಪ್ಪಾ ಇದೇ ನಮ್ಮೂರ ಪಾರ್ಕು" ಅಂದ್ಲು. ಊರಾಚೆ ನಿಂತ್ರೆ ಕಣ್ಣು ಹಾಯಿಸಿದಷ್ಟೂ ಪ್ಲೇಟು. ಅಷ್ಟನ್ನೂ ಒಂದು ಡಬ್ಬಿ ಮಾಡಿದ್ರೆ ಲೆಕ್ಕ ಸರಿ ಬರುತ್ತಾ?

ಬರುತ್ತೆ ಯಜಮಾನ್ರೇ, ಆದ್ರೆ ಯಾವ ಲೆಕ್ಕಕ್ಕೆ ಅನ್ನೋದು ಮುಖ್ಯ. ನಿಮ್ಮ ಪಾರ್ಕು 13,000 ಎಕರೆ, 2,050 ಮೆಗಾವ್ಯಾಟ್, ಅದರಲ್ಲಿರೋ ಒಂದೊಂದು ಪ್ಲೇಟಿನ ಲೆಕ್ಕ ಹಾಕ್ತಾ ಕೂತ್ರೆ ದಕ್ಷಿಣ ಭಾರತದ ಗ್ರಿಡ್ ಸ್ಟಡಿ ಮುಗಿಯೋದೇ ಇಲ್ಲ. ಗ್ರಿಡ್ ಸ್ಟಡಿ ಮಾಡೋರು ಕೇಳೋ ಪ್ರಶ್ನೆ ಬೇರೆ: 400 ಕೆವಿ ಲೈನಿಗೆ ಸಿಡಿಲು ಹೊಡೀತು, ವೋಲ್ಟೇಜು ಅರೆಕ್ಷಣ ಕುಸೀತು, ಆಗ ಈ ಪಾರ್ಕು ಗ್ರಿಡ್ ಜೊತೆ ನಿಲ್ಲುತ್ತಾ ಇಲ್ಲಾ ಕೈ ಬಿಡುತ್ತಾ? ಈ ಪ್ರಶ್ನೆಗೆ ನಿಮ್ಮ ಹೊಲದ ಪ್ಲೇಟು, ಪಕ್ಕದ ಹೊಲದ ಪ್ಲೇಟು ಅಂತ ಬೇರೆ ಬೇರೆ ಬೇಕಾಗಲ್ಲ, ಗ್ರಿಡ್‌ಗೆ ಕಾಣೋದು ಎಲ್ಲ ಸೇರಿ ಬರೋ ಕರೆಂಟು ಮಾತ್ರ.

ಹಾಗಂತ ಕಣ್ಮುಚ್ಚಿ ಕೂಡೋ ಹಾಗೂ ಇಲ್ಲ. ನಾಲ್ಕು ಹೊಲದ ಮಳೆನೀರು ಒಂದೇ ಕಾಲುವೇಲಿ ಕೆರೆಗೆ ಹೋಗೋದನ್ನ ನೆನೆಸ್ಕೊಳ್ಳಿ. ಮೇಲಿನ ಹೊಲದ ಹತ್ರ ಕಾಲುವೇಲಿ ಒಂದು ಹೊಲದ ನೀರು, ಕೆರೆ ಹತ್ರ ಬರೋಷ್ಟರಲ್ಲಿ ನಾಲ್ಕೂ ಹೊಲದ ನೀರು. ಪಾರ್ಕಿನೊಳಗಿನ 33 ಕೆವಿ ಕೇಬಲ್ಲೂ ಹಾಗೇನೇ. ನಾಲ್ಕು ಇನ್ವರ್ಟರ್ (ಪ್ಲೇಟಿನ ಡಿಸಿ ಕರೆಂಟನ್ನ ಗ್ರಿಡ್ಡಿನ ಎಸಿ ಮಾಡೋ ಪೆಟ್ಟಿಗೆ) ಸಾಲಾಗಿ ಸೇರ್ಕೊಂಡಿವೆ, ಒಂದೊಂದು ಕೊಡೋ ಕರೆಂಟು 1, ನಡುವಿನ ಒಂದೊಂದು ತುಂಡು ಕೇಬಲ್ಲಿನ ಇಂಪೀಡೆನ್ಸ್, ಅಂದ್ರೆ ಕರೆಂಟಿಗೆ ಒಡ್ಡೋ ಅಡ್ಡಿ, ಅದೂ 1 ಅಂತಿಟ್ಕೊಳ್ಳಿ. ಲಾಸ್ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತಲ್ಲ, ಹಾಗಾಗಿ ತುಂಡುಗಳ ಲಾಸ್ 1, 4, 9, 16, ಒಟ್ಟು 30. ಒಂದೇ ದೊಡ್ಡ ಇನ್ವರ್ಟರ್, ಒಂದೇ ಕೇಬಲ್ ಅಂತ ಮಾಡಿದಾಗ್ಲೂ ಇದೇ 30 ಲಾಸ್ ಬರ್ಬೇಕು, ಕರೆಂಟು ನಾಲ್ಕು, ಅದರ ವರ್ಗ 16, ಅಂದ್ರೆ ಕೇಬಲ್ಲಿನ ಬೆಲೆ 30 ಭಾಗಿಸು 16, ಹೆಚ್ಚುಕಮ್ಮಿ 1.9. ಸುಮ್ನೆ ನಾಲ್ಕು ತುಂಡು ಕೂಡಿ 4 ಅಂತ ಹಾಕಿದ್ರೆ ವೋಲ್ಟೇಜ್ ಲೆಕ್ಕವೇ ತಪ್ಪಿ ಹೋಗುತ್ತೆ. ಇದೇ ಥರ ನೂರಾರು ಇನ್ವರ್ಟರನ್ನ ಒಂದು ಇನ್ವರ್ಟರ್, ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಒಂದು ಕೇಬಲ್, ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್ ಅಂತ ಇಳಿಸ್ತಾರೆ. ನಿಮ್ಮ ಮಗಳ ಡಬ್ಬಿಯೊಳಗೆ ಇಷ್ಟೆಲ್ಲ ಇದೆ. ಒಂದು ಮಾತು ಮಾತ್ರ ಅವಳಿಗೆ ಹೇಳಿ, ಪಾರ್ಕಲ್ಲಿ ಬೇರೆ ಬೇರೆ ಕಂಪನಿಯ ಇನ್ವರ್ಟರ್ ಇದ್ರೆ, ಅವುಗಳ ಸೆಟ್ಟಿಂಗ್ ಬೇರೆ ಇದ್ರೆ, ಒಂದೇ ಡಬ್ಬಿ ಸಾಲದು, ಕಂಪನಿಗೊಂದು ಡಬ್ಬಿ ಹಾಕ್ಬೇಕು.

ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿನಿ: ನನ್ನ ಫೈನಲ್ ಇಯರ್ ಪ್ರಾಜೆಕ್ಟಿಗೆ ಸೋಲಾರ್ ಸೆಲ್ಲಿನ ಡಯೋಡ್ ಈಕ್ವೇಶನ್, ಟೆಂಪರೇಚರ್, ಎಂಪಿಪಿಟಿ (ಪ್ಲೇಟಿನಿಂದ ಗರಿಷ್ಠ ಪವರ್ ಎಳೆಯೋ ಕಂಟ್ರೋಲ್) ಎಲ್ಲ ಹಾಕಿ ಮಾಡೆಲ್ ಮಾಡಿದೀನಿ. ಗೈಡ್ ಸರ್ "ಸ್ಟೆಬಿಲಿಟಿ ಸ್ಟಡಿಗೆ ಇದ್ಯಾವುದೂ ಬೇಡ, ಬರೀ ಕರೆಂಟ್ ಸೋರ್ಸ್ ಹಾಕು" ಅಂತಾರೆ. ಮೂರು ತಿಂಗಳ ಕೆಲಸ ಹೋಯ್ತಾ ಸರ್?

ಹೋಗಿಲ್ಲಮ್ಮ. ಪ್ಲೇಟು ಎಷ್ಟು ಯೂನಿಟ್ ಕೊಡುತ್ತೆ, ನೆರಳು ಬಿದ್ರೆ ಎಷ್ಟು ಕಮ್ಮಿ ಆಗುತ್ತೆ ಅಂತ ನೋಡೋಕೆ ಆ ಡಯೋಡ್ ಮಾಡೆಲ್ಲೇ ಬೇಕು. ಆದ್ರೆ ನಿಮ್ಮ ಗೈಡ್ ಹೇಳಿದ್ದು ಸರಿ, ಯಾಕೆ ಸರಿ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಪುಸ್ತಕದಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ.

ಸ್ಟೆಬಿಲಿಟಿ ಸ್ಟಡಿ ಅಂದ್ರೆ ಫಾಲ್ಟ್ (ಲೈನಲ್ಲಿ ಶಾರ್ಟ್ ಸರ್ಕ್ಯೂಟ್) ಆದ ಮೇಲಿನ ಹತ್ತಿಪ್ಪತ್ತು ಸೆಕೆಂಡಿನ ಕಥೆ. ಇಷ್ಟು ಹೊತ್ತಲ್ಲಿ ಸೂರ್ಯ ಎಲ್ಲೂ ಹೋಗಲ್ಲ. ಮೋಡ? ಪಾವಗಡದ 13,000 ಎಕರೆ ಚೌಕಾಕಾರ ಅಂದ್ಕೊಂಡ್ರೆ ಒಂದು ಬದಿ ಏಳು ಕಿಲೋಮೀಟರಿಗಿಂತ ಜಾಸ್ತಿ, ಮೋಡದ ನೆರಳು ಸೆಕೆಂಡಿಗೆ ಹತ್ತು ಮೀಟರ್ ಓಡಿದ್ರೂ ಈ ತುದಿಯಿಂದ ಆ ತುದಿಗೆ ಹೋಗೋಕೆ ಹನ್ನೆರಡು ನಿಮಿಷ ಬೇಕು. ಹಾಗಾಗಿ ಬಿಸಿಲು ಸ್ಥಿರ, ಟೆಂಪರೇಚರ್ ಸ್ಥಿರ ಅಂತ ಇಟ್ಕೊಂಡ್ರೆ ಏನೂ ತಪ್ಪಿಲ್ಲ. ಇನ್ನು ಡಿಸಿ ಕಡೆ ನೋಡಿ, ಒಂದು ಮೆಗಾವ್ಯಾಟ್ ಇನ್ವರ್ಟರಲ್ಲಿ ಸಾವಿರ ವೋಲ್ಟಿನ ಮೇಲೆ ಹತ್ತು ಮಿಲಿಫ್ಯಾರಡ್ ಕೆಪಾಸಿಟರ್ ಇದೆ ಅಂದ್ಕೊಂಡು ಲೆಕ್ಕ ಹಾಕಿದ್ರೆ ಅದರಲ್ಲಿರೋ ಶಕ್ತಿ 5,000 ಜೂಲ್, ಅಂದ್ರೆ ಫುಲ್ ಲೋಡಿಗೆ ಐದು ಮಿಲಿಸೆಕೆಂಡ್. ನಮ್ಮ ಸ್ಟಡಿಯ ಒಂದು ಟೈಮ್ ಸ್ಟೆಪ್ಪೇ ಹೆಚ್ಚುಕಮ್ಮಿ ಅಷ್ಟಿರುತ್ತೆ! ಅಲ್ಲಿ ನಡೆಯೋದೆಲ್ಲ ನಾವು ಕಣ್ಣು ಮಿಟುಕಿಸೋದ್ರೊಳಗೆ ಮುಗಿದು ಹೋಗಿರುತ್ತೆ.

ಉಳಿಯೋದು ಇನ್ವರ್ಟರಿನ ಕಂಟ್ರೋಲ್. ಅಮೆರಿಕದ ಪಶ್ಚಿಮ ಭಾಗದ ಗ್ರಿಡ್ ನೋಡ್ಕೊಳ್ಳೋ ವೆಕ್ ಸಂಸ್ಥೆಯ ಕಡೆಯಿಂದ ಬಂದ ಜೆನೆರಿಕ್ (ಯಾವ ಕಂಪನಿಯ ಇನ್ವರ್ಟರಿಗೂ ಹೊಂದಿಸ್ಕೊಳ್ಳೋ) ಮಾಡೆಲ್ಲುಗಳೇ ಈಗ ಎಲ್ಲಾ ಕಡೆ ನಡೀತಿರೋದು, ಮೂರು ಬ್ಲಾಕು. ಆರ್‌ಇಜಿಸಿ ಅನ್ನೋದು ಗ್ರಿಡ್‌ಗೆ ಕರೆಂಟ್ ಬಿಡೋ ಭಾಗ, ಅದರಲ್ಲಿ 0.02 ಸೆಕೆಂಡಿನ ಒಂದು ಲ್ಯಾಗ್, ಅಂದ್ರೆ ತಡ, ಹಾಕಿದ್ರೆ ಒಳಗಿನ ವೇಗದ ಕಂಟ್ರೋಲೆಲ್ಲ ಅಷ್ಟರಲ್ಲೇ ಮುಗೀತು. ಆರ್‌ಇಇಸಿ ಅನ್ನೋದು ಎಷ್ಟು ಆಕ್ಟಿವ್ (ನಿಜವಾಗಿ ಕೆಲಸ ಮಾಡೋ), ಎಷ್ಟು ರಿಯಾಕ್ಟಿವ್ (ಕೆಲಸ ಮಾಡದೆ ವೋಲ್ಟೇಜ್ ಎತ್ತಿ ಹಿಡಿಯೋ) ಕರೆಂಟ್ ಬೇಕು ಅಂತ ನಿರ್ಧಾರ ಮಾಡೋ ಭಾಗ. ಆರ್‌ಇಪಿಸಿ ಅನ್ನೋದು ಪ್ಲಾಂಟ್ ಕಂಟ್ರೋಲರ್, ಗೇಟಲ್ಲಿ ಕೂತಿರೋ ಮೇಸ್ತ್ರಿ ಥರ, ನಿಧಾನಕ್ಕೆ ಎಲ್ಲರಿಗೂ ಆರ್ಡರ್ ಕಳಿಸ್ತಾ ಇರುತ್ತೆ.

ಇದರಲ್ಲಿ ಜೀವಾಳ ಕರೆಂಟ್ ಲಿಮಿಟ್. ತಿರುಗೋ ಜನರೇಟರು ಫಾಲ್ಟ್ ಆದ್ರೆ ಐದಾರು ಪಟ್ಟು ಕರೆಂಟ್ ಕೊಟ್ಟುಬಿಡುತ್ತೆ, ಇನ್ವರ್ಟರಿಗೆ ಆ ತಾಕತ್ತಿಲ್ಲ, ಒಳಗಿನ ಟ್ರಾನ್ಸಿಸ್ಟರ್ ಸುಟ್ಟು ಹೋಗುತ್ತೆ, ಅದಕ್ಕೇ 1.1 ಪಟ್ಟಿಗೋ 1.2 ಪಟ್ಟಿಗೋ ನಿಲ್ಲಿಸ್ತಾರೆ. ಮಾಮೂಲಿ ವೋಲ್ಟೇಜ್, ಫುಲ್ ಲೋಡ್ ಕರೆಂಟು ಎರಡನ್ನೂ 1 ಅಂತಿಟ್ಕೊಳ್ಳಿ, ಈಗ ವೋಲ್ಟೇಜ್ 0.4ಕ್ಕೆ ಬಿತ್ತು ಅನ್ನಿ. ವೋಲ್ಟೇಜ್ ಎತ್ತೋಕೆ ರಿಯಾಕ್ಟಿವ್ ಕೊಡ್ಬೇಕು, 0.9ಕ್ಕಿಂತ ಎಷ್ಟು ಇಳಿದಿದೆಯೋ ಅದರ ಎರಡರಷ್ಟು ಅಂತ ಸೆಟ್ಟಿಂಗ್ ಇದ್ರೆ ರಿಯಾಕ್ಟಿವ್ ಕರೆಂಟು 1.0 ಆಯ್ತು. ಒಟ್ಟು ಮಿತಿ 1.1. ಇವೆರಡು ಲಂಬವಾಗಿ ಕೂಡೋದ್ರಿಂದ ಆಕ್ಟಿವ್‌ಗೆ ಉಳಿಯೋದು 1.21ರಲ್ಲಿ 1 ಕಳೆದು ಅದರ ವರ್ಗಮೂಲ, ಸುಮಾರು 0.46. ಪವರ್ ಅಂದ್ರೆ 0.4 ಗುಣಿಸು 0.46, ಬರೀ 0.18. ಫುಲ್ ಬಿಸಿಲಲ್ಲಿ ನೂರು ಕೊಡ್ತಿದ್ದ ಪ್ಲಾಂಟು ಆ ಕ್ಷಣಕ್ಕೆ ಹದಿನೆಂಟು ಕೊಡ್ತಿದೆ. ಇದು ಕ್ಯೂ ಪ್ರಯಾರಿಟಿ, ಅಂದ್ರೆ ರಿಯಾಕ್ಟಿವ್‌ಗೆ ಮೊದಲ ಪಾಲು. ಪಿ ಪ್ರಯಾರಿಟಿ (ಆಕ್ಟಿವ್‌ಗೆ ಮೊದಲ ಪಾಲು) ಅಂತ ಒಂದು ಫ್ಲ್ಯಾಗ್, ಅಂದ್ರೆ ಮಾಡೆಲ್ಲಿನ ಸ್ವಿಚ್ಚು, ಬದಲಾಯಿಸಿದ್ರೆ ಕರೆಂಟಿನ ಬಹುಪಾಲು ಆಕ್ಟಿವ್ ಕಡೆ ಹೋಗಿ ಪವರ್ 40ರ ಆಸುಪಾಸಲ್ಲಿ ನಿಲ್ಲುತ್ತೆ, ಆದ್ರೆ ವೋಲ್ಟೇಜಿಗೆ ಸಿಗೋ ಆಸರೆ ಅರ್ಧಕ್ಕೂ ಕಮ್ಮಿ. ನಿಮ್ಮ ಪ್ರಾಜೆಕ್ಟಲ್ಲಿ ಈ ಒಂದು ಫ್ಲ್ಯಾಗನ್ನ ಎರಡೂ ಕಡೆ ಹಾಕಿ ಗ್ರಾಫ್ ತೋರಿಸಿ, ಡಯೋಡ್ ಈಕ್ವೇಶನ್ನಿಗಿಂತ ಹೆಚ್ಚು ಮಾತು ಅದರಿಂದ ಹೊರಡುತ್ತೆ.

ಶಿವಮೊಗ್ಗ ಜಿಲ್ಲೆಯಿಂದ, ಜಲವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು: ನಾನು ದುಡಿದದ್ದು ದೊಡ್ಡ ದೊಡ್ಡ ರೋಟರುಗಳ ಮಧ್ಯೆ. ಲೋಡು ಏರುಪೇರಾದ್ರೆ ಆ ತೂಕವೇ ತಡ್ಕೊಳ್ತಿತ್ತು. ಸೋಲಾರಿನಲ್ಲಿ ತಿರುಗೋದೇ ಏನೂ ಇಲ್ಲ. ನಿಮ್ಮ ಮಾಡೆಲ್ಲಲ್ಲಿ ಇದು ಎಲ್ಲಿ ಬರುತ್ತೆ?

ಸರ್, ಎಲ್ಲೂ ಬರಲ್ಲ, ಬರದೇ ಇರೋದೇ ಉತ್ತರ. ಜನರೇಟರ್ ಮಾಡೆಲ್ಲಲ್ಲಿ ಎಚ್ ಅಂತ ಒಂದು ಸಂಖ್ಯೆ ಇರುತ್ತೆ ನಿಮಗೆ ಗೊತ್ತೇ ಇದೆ, ರೋಟರಿನಲ್ಲಿ ಕೂಡಿಟ್ಟ ಶಕ್ತಿ ಎಷ್ಟು ಸೆಕೆಂಡಿಗೆ ಆಗುತ್ತೆ ಅಂತ. ಸೋಲಾರ್ ಮಾಡೆಲ್ಲಲ್ಲಿ ಆ ಜಾಗವೇ ಇಲ್ಲ. ಒಂದು ಲೆಕ್ಕ ನೋಡಿ, ಓಡ್ತಿರೋ ಜನರೇಟರೆಲ್ಲ ಸೇರಿ ಒಂದು ಲಕ್ಷ ಎಂವಿಎ (ಮೆಗಾವ್ಯಾಟ್ ಥರದ್ದೇ ಸಾಮರ್ಥ್ಯದ ಅಳತೆ), ಎಚ್ ಸರಾಸರಿ 4 ಸೆಕೆಂಡ್, ಇದ್ದಕ್ಕಿದ್ದಂತೆ 1,000 ಮೆಗಾವ್ಯಾಟ್ ಬಿಟ್ಟು ಹೋಯ್ತು. ಫ್ರೀಕ್ವೆನ್ಸಿ ಇಳಿಯೋ ವೇಗ 1,000 ಗುಣಿಸು 50, ಅದನ್ನ 2 ಗುಣಿಸು 4 ಗುಣಿಸು ಒಂದು ಲಕ್ಷದಿಂದ ಭಾಗಿಸಿ, ಸೆಕೆಂಡಿಗೆ 0.06 ಹರ್ಟ್ಜ್. ಮಧ್ಯಾಹ್ನ ಸೋಲಾರ್ ಜಾಸ್ತಿ ಬಂದು ಅರ್ಧ ಜನರೇಟರ್ ನಿಲ್ಲಿಸಿದ್ರೆ ಅದೇ ಪೆಟ್ಟಿಗೆ ಎರಡರಷ್ಟು ವೇಗ. ಗವರ್ನರು ಎಚ್ಚೆತ್ತು ನೀರು ಬಿಡೋಕೆ ಸಿಗೋ ಹೊತ್ತು ಅಷ್ಟು ಕಮ್ಮಿ ಆಯ್ತು, ಅದರಲ್ಲೂ ಹೈಡ್ರೋದಲ್ಲಿ ಗೇಟ್ ತೆಗೆದ ತಕ್ಷಣ ಮೊದಲು ಪವರ್ ಸ್ವಲ್ಪ ಇಳಿದೇ ಏರೋದು ಅನ್ನೋದನ್ನ ನೀವು ಕಣ್ಣಾರೆ ನೋಡಿರ್ತೀರಿ.

ಇನ್ವರ್ಟರ್ ಸಹಾಯ ಮಾಡೋಕೆ ಆಗೋದೇ ಇಲ್ಲ ಅಂತಲ್ಲ. ಫ್ರೀಕ್ವೆನ್ಸಿ ಜಾಸ್ತಿ ಆದ್ರೆ ಪವರ್ ಇಳಿಸೋದು ಅದಕ್ಕೆ ಸುಲಭ. ಕಮ್ಮಿ ಆದಾಗ ಏರಿಸ್ಬೇಕು ಅಂದ್ರೆ ಮೊದಲೇ ಸ್ವಲ್ಪ ತಡೆದು ಇಟ್ಟಿರ್ಬೇಕು ಇಲ್ಲಾ ಪಕ್ಕದಲ್ಲಿ ಬ್ಯಾಟರಿ ಇರ್ಬೇಕು. ಶರಾವತಿಯಂಥ 1,035 ಮೆಗಾವ್ಯಾಟ್ ಹೈಡ್ರೋ ನಮ್ಮ ರಾಜ್ಯದಲ್ಲಿರೋದು ಸೋಲಾರಿಗೆ ದೊಡ್ಡ ಬೆನ್ನೆಲುಬು ಅಂತ ನಾನು ಮನಸಾರೆ ನಂಬಿದೀನಿ.

ಕ್ಯಾಲಿಫೋರ್ನಿಯಾದ ಕನ್ನಡಿಗರೊಬ್ಬರು: ಇಲ್ಲಿ ಕಾಡ್ಗಿಚ್ಚು ಬಂದಾಗ ಸೋಲಾರ್ ಪ್ಲಾಂಟುಗಳು ಒಟ್ಟೊಟ್ಟಿಗೇ ಬಂದ್ ಆಗಿದ್ವು, ಹೊಗೆ ಕವಿದದ್ದಕ್ಕೆ ಅಂತ ಜನ ಅಂದ್ಕೊಂಡಿದಾರೆ. ನಿಜಾನಾ?

ಹೊಗೆ ಅಲ್ಲ. ನೀವು ಹೇಳ್ತಿರೋದು 2016ರ ಆಗಸ್ಟ್ 16ರ ಬ್ಲೂ ಕಟ್ ಬೆಂಕಿ ಅಂತ ಕಾಣುತ್ತೆ. ಬೆಂಕಿ ಲೈನುಗಳ ಕಾರಿಡಾರಿಗೆ ನುಗ್ಗಿ ಒಂದೇ ದಿನ 500 ಕೆವಿ ಲೈನಲ್ಲಿ 13 ಫಾಲ್ಟ್ ಆದ್ವು. ಪ್ರೊಟೆಕ್ಷನ್ ಕೆಲಸ ಮಾಡಿ ಫಾಲ್ಟನ್ನ ಕೂಡಲೇ ಕ್ಲಿಯರ್ ಮಾಡ್ತು, ಲೈನಿನ ಮಟ್ಟಿಗೆ ಎಲ್ಲ ಸರಿಯಾಗೇ ನಡೀತು, ಆದ್ರೆ ಅದರಲ್ಲೊಂದು ಫಾಲ್ಟಿಗೆ ಎಲ್ಲೋ ದೂರದಲ್ಲಿದ್ದ ಸೋಲಾರ್ ಪ್ಲಾಂಟುಗಳಿಂದ ಸುಮಾರು 1,200 ಮೆಗಾವ್ಯಾಟ್ ಮಾಯ ಆಯ್ತು. ಬಿಸಿಲು ಇದ್ದ ಹಾಗೇ ಇತ್ತು.

ಆಮೇಲೆ ಹುಡುಕಿದಾಗ ಎರಡು ಕಾರಣ ಸಿಕ್ತು. ಒಂದು, ಕೆಲವು ಇನ್ವರ್ಟರುಗಳು ಫ್ರೀಕ್ವೆನ್ಸಿಯನ್ನ ತೀರಾ ಅವಸರದಲ್ಲಿ ಅಳೀತಿದ್ವು. ಫಾಲ್ಟ್ ಆದಾಗ ವೋಲ್ಟೇಜಿನ ಅಲೆ ಪಕ್ಕಕ್ಕೆ ಜಿಗಿಯುತ್ತೆ, ಆ ಜಿಗಿತವನ್ನೇ ನೋಡಿ ಫ್ರೀಕ್ವೆನ್ಸಿ 57 ಹರ್ಟ್ಜಿಗಿಂತ ಕೆಳಗೆ ಹೋಯ್ತು ಅಂತ ತಪ್ಪಾಗಿ ತಿಳ್ಕೊಂಡು ತಕ್ಷಣ ಟ್ರಿಪ್ ಆದ್ವು, ಇಡೀ ಗ್ರಿಡ್ಡಿನ ನಿಜವಾದ ಫ್ರೀಕ್ವೆನ್ಸಿ ಅಲ್ಲಿ ಮಾಮೂಲಾದ 60ರ ಹತ್ರಾನೇ ಇತ್ತು. ಸುಮಾರು 700 ಮೆಗಾವ್ಯಾಟ್ ಹೋಗಿದ್ದು ಹೀಗೆ. ಎರಡನೇದು, ವೋಲ್ಟೇಜ್ 0.9ಕ್ಕಿಂತ ಕೆಳಗೆ ಹೋದ ಕೂಡಲೇ ಕನೆಕ್ಷನ್ ಇಟ್ಕೊಂಡೇ ಕರೆಂಟ್ ಕೊಡೋದನ್ನ ನಿಲ್ಲಿಸೋದು, ಇದಕ್ಕೆ ಮೊಮೆಂಟರಿ ಸೆಸೇಷನ್ ಅಂತಾರೆ. ಉಳಿದ ಬಹುಪಾಲು ಹೋಗಿದ್ದು ಇದರಿಂದ.

ನಮ್ಮ ವಿಷಯಕ್ಕೆ ಇದು ಯಾಕೆ ಬೇಕು ಅಂದ್ರೆ, ಸ್ಟಡಿ ಮಾಡೋರ ಮಾಡೆಲ್ಲಲ್ಲಿ ಈ ಎರಡೂ ಇರ್ಲಿಲ್ಲ. ಸರಳ ಮಾಡೆಲ್ಲು ಅಲೆಯನ್ನ ನೋಡಲ್ಲ, ಅಲೆಯ ಎತ್ತರವನ್ನ ಮಾತ್ರ ನೋಡುತ್ತೆ, ಹಾಗಾಗಿ ಅರ್ಧ ಸೈಕಲ್ಲಲ್ಲಿ ಆಗೋ ಜಿಗಿತ ಅದಕ್ಕೆ ಕಾಣೋದೇ ಇಲ್ಲ. ಇದು ಮಾಡೆಲ್ಲಿನ ಗುಣ, ಇದಕ್ಕೆ ಯಾರನ್ನೂ ದೂರೋ ಹಾಗಿಲ್ಲ. ಆದ್ರೆ ಎರಡನೇದು ಹಾಗಲ್ಲ, ಮೊಮೆಂಟರಿ ಸೆಸೇಷನ್ನನ್ನ ಸರಳ ಮಾಡೆಲ್ಲಲ್ಲೇ ಒಂದು ಟೇಬಲ್ ಹಾಕಿ ತೋರಿಸ್ಬಹುದಿತ್ತು, ಇನ್ವರ್ಟರ್ ಹಾಗೆ ಮಾಡುತ್ತೆ ಅನ್ನೋ ಮಾಹಿತಿ ಗ್ರಿಡ್ ಕಡೆಯವರ ಮಾಡೆಲ್ಲಿಗೆ ಬಂದು ಸೇರಿರ್ಲಿಲ್ಲ ಅಷ್ಟೇ. ನನಗೆ ಇದು ಯಾವಾಗ ನೆನಪಾದ್ರೂ ಸಂಕಟ ಆಗುತ್ತೆ, ಯಾಕಂದ್ರೆ ಕೊರತೆ ಇದ್ದದ್ದು ಗಣಿತದಲ್ಲಲ್ಲ, ಒಂದು ಫೋನ್ ಕಾಲಲ್ಲಿ. 2017ರ ಅಕ್ಟೋಬರಲ್ಲಿ ಅಲ್ಲೇ ಕ್ಯಾನಿಯನ್ 2 ಬೆಂಕೀಲಿ ಸುಮಾರು 900 ಮೆಗಾವ್ಯಾಟ್, 2021ರ ಮೇ ತಿಂಗಳಲ್ಲಿ ಟೆಕ್ಸಾಸಿನ ಒಡೆಸ್ಸಾ ಕಡೆ 1,100 ಮೆಗಾವ್ಯಾಟ್ ಸೋಲಾರ್ ಇದೇ ಥರ ಫಾಲ್ಟಿನ ಹಿಂದೆಯೇ ಕುಸೀತು.

ನಮ್ಮ ದೇಶದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಇದೆ, ವೋಲ್ಟೇಜ್ ಶೇ. 15ಕ್ಕೆ ಬಿದ್ರೂ 300 ಮಿಲಿಸೆಕೆಂಡ್ ತನಕ ಕೈ ಬಿಡ್ಬಾರ್ದು, 3 ಸೆಕೆಂಡಲ್ಲಿ ಶೇ. 85ಕ್ಕೆ ಏರೋ ಗೆರೆಯ ಮೇಲೆ ವೋಲ್ಟೇಜ್ ಇರೋವರೆಗೂ ಜೊತೇಲೇ ಇರ್ಬೇಕು ಅಂತ. ಒಳ್ಳೇ ನಿಯಮ. ಆ ಗೆರೆ ಮಾಡೆಲ್ಲಲ್ಲೂ ಇರ್ಬೇಕು, ಇನ್ವರ್ಟರಿನ ಸೆಟ್ಟಿಂಗಲ್ಲೂ ಇರ್ಬೇಕು, ಎರಡೂ ಒಂದೇ ಆಗಿರ್ಬೇಕು.

ಮೈಸೂರಿನ ಗೃಹಿಣಿ: ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೀವಿ. ಕರೆಂಟ್ ಹೋದ್ರೆ ಸುಡೋ ಬಿಸಿಲಲ್ಲೂ ಅದೂ ಬಂದ್. ಯಾಕೆ? ಮತ್ತೆ ನಮ್ಮಂಥ ಚಿಕ್ಕವರದ್ದನ್ನ ಗ್ರಿಡ್ ಲೆಕ್ಕದಲ್ಲಿ ಹಿಡೀತಾರಾ?

ಕರೆಂಟ್ ಹೋಗಿದೆ ಅಂತ ಲೈನ್‌ಮನ್ ಕಂಬ ಹತ್ತಿರ್ತಾರಮ್ಮ, ಆಗ ನಿಮ್ಮ ಮನೆಯಿಂದ ಲೈನಿಗೆ ಕರೆಂಟ್ ಹರಿದ್ರೆ ಅವರ ಪ್ರಾಣಕ್ಕೇ ಕುತ್ತು, ಅದಕ್ಕೇ ಎರಡು ಸೆಕೆಂಡಿನೊಳಗೆ ಇನ್ವರ್ಟರ್ ತಾನೇ ನಿಲ್ಲೋ ಹಾಗೆ ಮಾಡಿರ್ತಾರೆ. ಆಗಲೂ ಬೇಕು ಅಂದ್ರೆ ಬ್ಯಾಟರಿ ಇರೋ ಹೈಬ್ರಿಡ್ ಇನ್ವರ್ಟರ್ ಹಾಕಿಸ್ಕೋಬೇಕು.

ಲೆಕ್ಕದಲ್ಲಿ ಹಿಡಿಯೋದು ಬೇಕೇ ಬೇಕು. ಜರ್ಮನಿಯಲ್ಲಿ ಏನಾಯ್ತು ಗೊತ್ತಾ, ಮಾಳಿಗೆ ಸೋಲಾರ್ ಚಿಕ್ಕದು ಅಂತ ಹಳೇ ನಿಯಮದಲ್ಲಿ 50.2 ಹರ್ಟ್ಜ್ ದಾಟಿದ್ರೆ ಎಲ್ಲರೂ ಬಂದ್ ಆಗಿ ಅಂತ ಇಟ್ಟಿದ್ರು. ಮನೆಮನೆಗೂ ಸೋಲಾರ್ ಬಂದ ಮೇಲೆ ನೋಡಿದ್ರೆ, ಫ್ರೀಕ್ವೆನ್ಸಿ ಆ ಒಂದು ಸಂಖ್ಯೆ ಮುಟ್ಟಿದ ಕ್ಷಣ ಸಾವಿರಾರು ಮೆಗಾವ್ಯಾಟ್ ಒಟ್ಟಿಗೇ ಆಫ್ ಆಗ್ಬಹುದು, ಇಡೀ ಯುರೋಪು ಅಂಥ ಹೊತ್ತಿಗೆ ಅಂತ ಇಟ್ಕೊಂಡಿರೋದೇ 3,000 ಮೆಗಾವ್ಯಾಟ್. 2012ರಲ್ಲಿ ಕಾನೂನು ತಂದು ಲಕ್ಷಾಂತರ ಇನ್ವರ್ಟರುಗಳ ಸೆಟ್ಟಿಂಗ್ ಬದಲಾಯಿಸ್ಬೇಕಾಯ್ತು. ಈಗ ಮಾಳಿಗೆ ಸೋಲಾರಿಗೆ ಅಂತಲೇ ಡಿಇಆರ್-ಎ ಅನ್ನೋ ಮಾಡೆಲ್ ಇದೆ, ಒಂದು ಏರಿಯಾದ ಮನೆಗಳನ್ನೆಲ್ಲ ಒಟ್ಟಿಗೆ ಸೇರಿಸಿ, ವೋಲ್ಟೇಜ್ ಇಷ್ಟಿಷ್ಟು ಇಳಿದ್ರೆ ಇಷ್ಟಿಷ್ಟು ಭಾಗ ಬಿಟ್ಟು ಹೋಗುತ್ತೆ ಅಂತ ತೋರಿಸುತ್ತೆ. ಸಬ್‌ಸ್ಟೇಷನ್ ಹತ್ರದ ಮನೆ, ಫೀಡರಿನ ಕೊನೇ ಮನೆ ಎರಡಕ್ಕೂ ಒಂದೇ ವೋಲ್ಟೇಜ್ ಇರಲ್ಲ ಅನ್ನೋದನ್ನ ಅಷ್ಟು ಸರಳವಾಗಿ ಹಿಡಿದಿರೋದು ನನಗೆ ತುಂಬಾ ಇಷ್ಟ.

ಕಲಬುರಗಿ ಕಡೆಯ ಸೋಲಾರ್ ಪ್ಲಾಂಟಿನ ಸೈಟ್ ಇಂಜಿನಿಯರ್: ಗ್ರಿಡ್ ಕಡೆಯವರು ನಮ್ಮ ಪ್ಲಾಂಟಿನ ಡೈನಾಮಿಕ್ ಮಾಡೆಲ್ (ಫಾಲ್ಟ್ ಆದಾಗ ಪ್ಲಾಂಟು ಹೇಗೆ ನಡ್ಕೊಳ್ಳುತ್ತೆ ಅಂತ ತೋರಿಸೋದು) ಕೊಡಿ ಅಂತ ಕೇಳಿದಾರೆ. ಇನ್ವರ್ಟರ್ ಕಂಪನಿ ಒಂದು ಫೈಲ್ ಕಳಿಸಿದೆ. ಅದನ್ನೇ ಫಾರ್ವರ್ಡ್ ಮಾಡಿದ್ರೆ ಸಾಕಾ? ಇದನ್ನ ನಾನೇ ಕಲೀಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

ದಯವಿಟ್ಟು ಹಾಗೇ ಫಾರ್ವರ್ಡ್ ಮಾಡ್ಬೇಡಿ. ಕೆಲವು ವರ್ಷದ ಹಿಂದೆ ನನ್ನ ಕೈಗೂ ಒಂದು ಪ್ಲಾಂಟಿನ ಫೈಲ್ ಬಂದಿತ್ತು, ತೆಗೆದು ನೋಡಿದ್ರೆ ಅದರಲ್ಲಿದ್ದ ಒಂದೊಂದು ಸಂಖ್ಯೆಯೂ ಮ್ಯಾನ್ಯುಯಲ್ಲಿನ ಉದಾಹರಣೆಯ ಸಂಖ್ಯೆ, ದಶಾಂಶ ಸಮೇತ! ರಿಯಾಕ್ಟಿವ್ ಸಪೋರ್ಟ್ ಆನ್ ಅಂತಿತ್ತು, ಸೈಟಿಗೆ ಹೋಗಿ ಇನ್ವರ್ಟರಿನ ಸ್ಕ್ರೀನ್ ನೋಡಿದ್ರೆ ಅದು ಆಫ್. ಆ ಫೈಲ್ ಇಟ್ಕೊಂಡು ಹತ್ತಾರು ಕೇಸ್ ರನ್ ಮಾಡಿ ಎಲ್ಲ ಸ್ಟೇಬಲ್ ಅಂತ ರಿಪೋರ್ಟ್ ಬೇರೆ ಆಗಿತ್ತು, ಪೂರ್ತಿ ಮತ್ತೆ ಮಾಡ್ಬೇಕಾಯ್ತು.

ನೀವು ಮೊದಲು ಇನ್ವರ್ಟರಿನಲ್ಲಿ ಈಗ ಇರೋ ಸೆಟ್ಟಿಂಗ್ ಬರ್ಕೊಳ್ಳಿ, ಕರೆಂಟ್ ಲಿಮಿಟ್, ಪಿ ಪ್ರಯಾರಿಟಿನಾ ಕ್ಯೂ ಪ್ರಯಾರಿಟಿನಾ, ಎಷ್ಟು ವೋಲ್ಟೇಜಿಗೆ ಎಷ್ಟು ಹೊತ್ತಿಗೆ ಟ್ರಿಪ್, ಫಾಲ್ಟ್ ಹೋದ ಮೇಲೆ ಪವರ್ ಎಷ್ಟು ವೇಗದಲ್ಲಿ ವಾಪಸ್ ಏರುತ್ತೆ, ಪ್ಲಾಂಟ್ ಕಂಟ್ರೋಲರ್ ಆಗ ಸುಮ್ಮನಿರುತ್ತಾ ಇಲ್ಲಾ ಅಡ್ಡ ಬರುತ್ತಾ. ಈ ಕೊನೇದನ್ನ ತುಂಬಾ ಜನ ಮರೀತಾರೆ. ಆಮೇಲೆ ನಿಮ್ಮ ಕನೆಕ್ಷನ್ ಪಾಯಿಂಟಿನ ಫಾಲ್ಟ್ ಲೆವೆಲ್ (ಅಲ್ಲಿ ಶಾರ್ಟ್ ಆದ್ರೆ ಗ್ರಿಡ್ ಕೊಡಬಲ್ಲ ಬಲ) ಎಷ್ಟು ಎಂವಿಎ ಅಂತ ಕೇಳಿ ನಿಮ್ಮ ಮೆಗಾವ್ಯಾಟಿನಿಂದ ಭಾಗಿಸಿ. ಹತ್ತು ಬಂತು ಅಂದ್ರೆ ನೆಮ್ಮದಿ, ಮೂರಕ್ಕಿಂತ ಕಮ್ಮಿ ಬಂದ್ರೆ ಅಲ್ಲಿ ಗ್ರಿಡ್ ವೀಕ್ ಅಂತ ಅರ್ಥ, ಇನ್ವರ್ಟರ್ ಗ್ರಿಡ್ಡಿನ ಅಲೆ ಹಿಡ್ಕೊಳ್ಳೋಕೇ ಒದ್ದಾಡುತ್ತೆ, ಸರಳ ಮಾಡೆಲ್ಲು ಎಲ್ಲ ಚೆನ್ನಾಗಿದೆ ಅಂದ್ರೂ ನಂಬೋ ಹಾಗಿಲ್ಲ. ಅಂಥ ಕಡೆ ಪಿಎಸ್‌ಸಿಎಡಿ ಥರದ ಸಾಫ್ಟ್‌ವೇರಲ್ಲಿ ಅಲೆ ಅಲೆಯಾಗಿ ಲೆಕ್ಕ ಹಾಕೋ ಸ್ಟಡಿ ಮಾಡಿಸಲೇಬೇಕು, ನಿಧಾನ, ದುಡ್ಡೂ ಜಾಸ್ತಿ, ಬೇರೆ ದಾರಿ ಇಲ್ಲ.

ಕಲಿಯೋಕೆ ಒಂಬತ್ತು ಬಸ್ಸಿನ (ಬಸ್ ಅಂದ್ರೆ ಲೈನುಗಳು ಕೂಡೋ ಜಾಗ) ಹಳೇ ಟೆಸ್ಟ್ ಸಿಸ್ಟಂ ತಗೊಳ್ಳಿ, ಮೂರು ಜನರೇಟರು, 315 ಮೆಗಾವ್ಯಾಟ್ ಲೋಡು, ಪುಸ್ತಕಗಳಲ್ಲೆಲ್ಲ ಸಿಗುತ್ತೆ. ಮೂರಕ್ಕೂ ಒಂದೇ 100 ಎಂವಿಎ ಆಧಾರ ಹಿಡಿದ್ರೆ ಎಚ್ ಕ್ರಮವಾಗಿ 23.64, 6.4, 3.01. ಮೂರನೇದು 85 ಮೆಗಾವ್ಯಾಟಿಂದು, ಅದನ್ನ ತೆಗೆದು ಸೋಲಾರ್ ಹಾಕಿ ಫಾಲ್ಟ್ ಕೊಟ್ಟು ನೋಡಿ, ಇನರ್ಶಿಯಾ, ಅಂದ್ರೆ ರೋಟರುಗಳಲ್ಲಿ ಕೂಡಿಟ್ಟ ಶಕ್ತಿ, ನೂರಕ್ಕೆ ಒಂಬತ್ತು ಪಾಲು ಹೋಗುತ್ತೆ, ಅಷ್ಟೇನೂ ಗೊತ್ತಾಗಲ್ಲ. ಆಮೇಲೆ ಎರಡನೇದು 163 ಮೆಗಾವ್ಯಾಟಿಂದೂ ತೆಗೀರಿ, ಆಗ ಗ್ರಾಫ್ ನೋಡಿ. ಇದಕ್ಕೆ ಸಾಫ್ಟ್‌ವೇರ್ ಅಂದ್ರೆ ಪಿಎಸ್‌ಎಸ್‌ಇ ಲೈಸೆನ್ಸ್ ಆಫೀಸಲ್ಲಿ ಇದ್ರೆ ಸರಿ, ಬೆಂಗಳೂರಲ್ಲೇ ತಯಾರಾಗೋ ಮೈಪವರ್ ಇದೆ, ದುಡ್ಡು ಕೊಡೋಕೆ ಆಗಲ್ಲ ಅಂದ್ರೆ ಪೈಥಾನಲ್ಲಿ ಓಡೋ ಆಂಡೀಸ್ ಅನ್ನೋದು ಉಚಿತ, ಮೇಲೆ ಹೇಳಿದ ಮೂರೂ ಬ್ಲಾಕು ಅದರಲ್ಲಿವೆ.

ಮತ್ತೆ ನಿಮ್ಮ ಕೈಲಿರೋ ಒಂದು ಬೆಲೆಬಾಳೋ ವಸ್ತು ನಮ್ಮಂಥೋರ ಹತ್ರ ಇರಲ್ಲ, ಅದು ಸ್ವಿಚ್‌ಯಾರ್ಡಿನ ಫಾಲ್ಟ್ ರೆಕಾರ್ಡರ್. ಮುಂದಿನ ಮಳೆಗಾಲದಲ್ಲಿ ಲೈನಿಗೆ ಸಿಡಿಲು ಹೊಡೆದ ದಿನ, ಹೊಸ ರೆಕಾರ್ಡ್ ಬಂದು ಹಳೇದು ಅಳಿಸಿ ಹೋಗೋ ಮುಂಚೆ ಆ ಫೈಲನ್ನ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಅದೇ ವೋಲ್ಟೇಜನ್ನ ಮಾಡೆಲ್ಲಿಗೆ ಕೊಟ್ಟು ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ನೋಡಿ, ಕೂಡ್ದೇ ಇದ್ರೆ ಎರಡನ್ನೂ ನಮಗೆ ಕಳಿಸಿ.